ಹೊದಿಕೆಯೂ ಹುಳುವೂ

ಉಡುಪಿಯ ಹೆಸರನ್ನು ದೇಶದ ಊರೂರಿಗೆ ಕೊಂಡೊಯ್ದ ಮಸಾಲೆದೋಸೆಯ ಒಡಲಲ್ಲಿರುವ ಬಟಾಟೆಯು ಉಡುಪಿಯ ಮಣ್ಣಿನದಲ್ಲ. ಅದು ಹಾಸನದಿಂದಲೋ, ಚಿಕ್ಕಮಗಳೂರಿನಿಂದಲೋ, ಇನ್ನೂ ದೂರದ ಉತ್ತರದ ಬಯಲುಗಳಿಂದಲೋ ಗೋಣಿಗಳಲ್ಲಿ ತುಂಬಿ, ಘಟ್ಟವಿಳಿದು ನಮ್ಮಲ್ಲಿಗೆ ಬರುವ ಪದಾರ್ಥ. ಹಾಸನದ ರೈತನಾದರೂ ಅದರ ಬಿತ್ತನೆಗೆಡ್ಡೆಗಾಗಿ ಪಂಜಾಬಿನ ಜಲಂಧರದ ಕಡೆಗೆ ನೋಡಬೇಕು. ಅದರ ಮೂಲವನ್ನು ಹುಡುಕುತ್ತ ಹೋದರೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದವರೆಗೂ ನಡೆಯಬೇಕಾಗುತ್ತದೆ. ಪೋರ್ತುಗೀಜರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು; ಅವರು ಕರೆದ ಹೆಸರೇ ಇಂದಿಗೂ ನಮ್ಮ ಬಾಯಲ್ಲಿ ‘ಬಟಾಟೆ’ಯಾಗಿ ಉಳಿದಿದೆ. ಕರಾವಳಿಯಲ್ಲಿ ಕಾಲಿಟ್ಟ ಆ ಗೆಡ್ಡೆಯು ಕರಾವಳಿಯಲ್ಲಿ ನೆಲೆಯೂರದೆ, ತಂಪಿರುವ ಎತ್ತರದ ಸೀಮೆಗಳನ್ನು ಹುಡುಕಿಕೊಂಡು ಹೋಯಿತು.

ಈ ಬಟಾಟೆಯನ್ನು ನನ್ನ ಹಿತ್ತಿಲಿನಲ್ಲಿಯೇ ಬೆಳೆಯಬೇಕೆಂಬ ಹಟ ನನಗೆ ಹುಟ್ಟಿದುದು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ. ನನ್ನ ಮನೆ ಇನ್ನಂಜೆಯಲ್ಲಿ. ಒಂದು ಕಡೆಯಿಂದ ಶಂಕರಪುರದ ಮಲ್ಲಿಗೆಯ ಮಾತು, ಇನ್ನೊಂದು ಕಡೆಯಿಂದ ಮಟ್ಟುವಿನ ಗುಳ್ಳದ ಮಾತು ಕೇಳಿಬರುವ ಊರು ಇದು. ಕೊಂಕಣ ರೈಲಿನ ಗಾಡಿಗಳು ಇನ್ನೊಂದು ಗಾಡಿಗೆ ದಾರಿಬಿಡಲು ಇಲ್ಲಿ ನಿಲ್ಲುವುದುಂಟು. ಆಗ ಕಿಟಕಿಯಲ್ಲಿ ಕುಳಿತ ಪ್ರಯಾಣಿಕನು ನಮ್ಮ ಗದ್ದೆಗಳನ್ನೂ ತೆಂಗಿನ ಮರಗಳನ್ನೂ ನೋಡಿ ‘ಎಷ್ಟು ಹಸುರು!’ ಎಂದುಕೊಂಡು ಮುಂದೆ ಹೋಗುತ್ತಾನೆ. ಆ ಹಸುರಿನ ಕೆಳಗಿರುವ ಮಣ್ಣಿನ ಅವಸ್ಥೆಯನ್ನು ಆತನು ಕಾಣಲಾರ. ಅದನ್ನು ಕಾಣಬೇಕಾದರೆ ಒಂದು ಮಳೆಗಾಲವನ್ನಾದರೂ ಅದರೊಡನೆ ಬಗ್ಗಿ ಕಳೆಯಬೇಕು.

ಹಾಗೆ ಬಗ್ಗಿ ಕಳೆದ ಕೆಲವು ಮಳೆಗಾಲಗಳಿಂದ ನಾನು ಕಂಡುಕೊಂಡ ಮಾತೊಂದಿದೆ. ಅದನ್ನು ಇಲ್ಲಿ ಮಂಡಿಸಬೇಕೆಂದಿದ್ದೇನೆ. ನೆಲವನ್ನು ಬೆತ್ತಲೆಯಾಗಿ ಬಿಡಬಾರದು. ಹೊದಿಸಿದರೆ ಹೊದಿಕೆಯ ಕೆಳಗೆ ಹುಳು ಬಂದೇ ಬರುತ್ತದೆ. ಹುಳುವಿನ ಭಯದಿಂದ ಹೊದಿಕೆಯನ್ನು ಕಿತ್ತೆಸೆಯುವವನು ಹುಳುವಿಗಿಂತ ಹೆಚ್ಚಿನ ಹಾನಿಯನ್ನು ತಾನೇ ಮಾಡಿಕೊಳ್ಳುತ್ತಾನೆ. ಇದು ಓದಿ ತಿಳಿದ ಮಾತಲ್ಲ. ಆ ಹಾನಿಯನ್ನು ಮಾಡಿಕೊಂಡವನು ನಾನೇ.

ಮೊದಲು ಬಟಾಟೆಯ ಕಥೆ. ರೂತ್ ಸ್ಟೌಟ್ ಎಂಬ ಅಮೆರಿಕದ ಮಹಿಳೆಯೊಬ್ಬರು, ಅಗೆಯದೆ, ಉಳದೆ, ನೆಲದ ಮೇಲೆ ಬಿತ್ತನೆಗೆಡ್ಡೆಯನ್ನಿಟ್ಟು ಅದರ ಮೇಲೆ ಒಣಹುಲ್ಲನ್ನು ದಪ್ಪವಾಗಿ ಹೊದಿಸಿ ಆಲೂಗೆಡ್ಡೆ ಬೆಳೆಯುವ ಕ್ರಮವನ್ನು ಪ್ರಚಾರಕ್ಕೆ ತಂದರು. ಬೆನ್ನುನೋವಿಲ್ಲದ ತೋಟಗಾರಿಕೆಯ ಬಗೆಗೆ ಅವರು ಬರೆದ ಪುಸ್ತಕ 1955ರಲ್ಲಿ ಹೊರಬಂದಿತು. ಇತ್ತೀಚಿನ ವರುಷಗಳಲ್ಲಿ ಪಶ್ಚಿಮ ಬಂಗಾಳದ ಸುಂದರಬನದ ಉಪ್ಪುಮಣ್ಣಿನಲ್ಲಿ ಕೃಷಿವಿಜ್ಞಾನಿಗಳೂ ರೈತರೂ ಕೂಡಿ ಇದೇ ಕ್ರಮವನ್ನು ಅನುಸರಿಸಿದ್ದಾರೆ. ಭತ್ತದ ಕೊಯ್ಲಾದ ಗದ್ದೆಯ ತೇವ ಆರುವುದರೊಳಗೆ, ಉಳುಮೆಯಿಲ್ಲದೆ ಗೆಡ್ಡೆಗಳನ್ನು ಸಾಲಾಗಿ ಇಟ್ಟು, ಗೊಬ್ಬರ ಹಾಕಿ, ಬೈಹುಲ್ಲಿನಿಂದ ಮುಚ್ಚುತ್ತಾರೆ. ಹುಲ್ಲಿನ ಹೊದಿಕೆಯಿಂದ ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ನೀರಿನೊಡನೆ ಉಪ್ಪು ಮೇಲೇರುವುದೂ ಕಡಿಮೆಯಾಗುತ್ತದೆ. ಸಮುದ್ರದ ಅಂಚಿನ ಅವರಿಗೆ ಸಾಧ್ಯವಾದುದು ಸಮುದ್ರದ ಅಂಚಿನ ನಮಗೇಕೆ ಆಗಬಾರದು ಎಂದು ನಾನು ತರ್ಕಿಸಿದೆ.

ಏಣೆಲು ಬೆಳೆಯ ಕೊಯ್ಲಾಗಿ, ಬೈಹುಲ್ಲು ಕೈಗೆ ಬಂದ ಮೇಲೆ, ನವೆಂಬರದ ನಡುವಿನಲ್ಲಿ 3 ಕಿಲೊ ಬಿತ್ತನೆಗೆಡ್ಡೆಯನ್ನು ಗೇಣಿಗೊಂದರಂತೆ ಇಟ್ಟು, ಒಂದು ಗೇಣು ದಪ್ಪ ಹುಲ್ಲು ಹೊದಿಸಿದೆ. ಬಿಸಿಲು ಸೋಕಿದ ಗೆಡ್ಡೆ ಹಸುರಾಗಿ, ಅದರಲ್ಲಿ ಸೊಲನೀನ್ ಎಂಬ ವಿಷಾಂಶ ಹೆಚ್ಚುವುದರಿಂದ ಹೊದಿಕೆ ತೆಳುವಾಗಕೂಡದು. ಹುಲ್ಲು ಕುಸಿದಂತೆಲ್ಲ ಮೇಲೆ ಮೇಲೆ ಹಾಕುತ್ತಿದ್ದೆ. ಗೆದ್ದಲಿಗೂ ಹುಲ್ಲು ರುಚಿಸಿತು. ಫೆಬ್ರವರಿಯಲ್ಲಿ ಹುಲ್ಲನ್ನು ಸರಿಸಿದಾಗ, ಕೋಳಿಯ ಗೂಡಿನಲ್ಲಿ ಮೊಟ್ಟೆಗಳಿರುವಂತೆ ಗೆಡ್ಡೆಗಳು ನೆಲದ ಮೇಲೆಯೇ ಕುಳಿತಿದ್ದವು. ಅಗೆಯಬೇಕಾಗಿರಲಿಲ್ಲ, ಆಯ್ದುಕೊಂಡರೆ ಸಾಕು. ತೂಗಿದಾಗ 11 ಕಿಲೊ. ಬಹಳಷ್ಟು ಗೋಲಿಯ ಗಾತ್ರದವು, ನಿಂಬೆಯಷ್ಟಾದವು ಕೆಲವೇ. ನಮ್ಮ ರಾತ್ರಿಗಳು ಗೆಡ್ಡೆ ಕಟ್ಟುವುದಕ್ಕೆ ಬೇಕಾದಷ್ಟು ತಂಪಾಗುವುದಿಲ್ಲ. ಅದಕ್ಕೆ ಹುಲ್ಲೂ ಏನು ಮಾಡಲಾರದು. ಲಾಭದ ದೃಷ್ಟಿಯಿಂದ ಇದು ಹುಚ್ಚಾಟವೇ ಸರಿ. ಆದರೆ ಮೂರು ತಿಂಗಳಲ್ಲಿ ಒಮ್ಮೆಯೂ ಕಳೆ ಕೀಳಲಿಲ್ಲ. ನೀರು ಹನಿಸಿದುದು ಬಹಳ ಕಡಿಮೆ. ಹುಲ್ಲಿನ ಕೆಳಗಿನ ಮಣ್ಣು ಹಿಟ್ಟಿನಂತೆ ಮೆತ್ತಗಾಗಿತ್ತು. ಹೊದಿಕೆಯ ವಿಷಯದಲ್ಲಿ ನಾನು ಪಂಡಿತನಾದೆನೆಂದು ನನಗೆ ಅನ್ನಿಸಿಬಿಟ್ಟಿತು.

ಈ ಪಾಂಡಿತ್ಯವನ್ನು ಸಾಂಬ್ರಾಣಿಯ ಮೇಲೆ ಪ್ರಯೋಗಿಸಿದೆ. ಘಟ್ಟದ ಮೇಲಿನ ಓದುಗರಿಗೆ ಸಾಂಬ್ರಾಣಿಯೆಂದರೆ ಧೂಪ. ನಮಗಾದರೋ ಅದು ಗೆಡ್ಡೆಯೂ ಹೌದು. ಹೆಬ್ಬೆರಳಿನ ತುದಿಯಷ್ಟು ದಪ್ಪ, ಕಂದುಗಪ್ಪು ಸಿಪ್ಪೆ, ಮಣ್ಣಿನೊಡನೆ ಬೆರೆತ ಒಂದು ಪರಿಮಳ. ಮಲಯಾಳಿಗಳು ಅದನ್ನು ‘ಕೂರ್ಕ’ ಎನ್ನುತ್ತಾರೆ. ಇಂಗ್ಲಿಷಿನವರು ‘ಚೀನಾದ ಆಲೂಗೆಡ್ಡೆ’ ಎಂದು ಹೆಸರಿಟ್ಟಿದ್ದಾರೆ. ಅದು ಚೀನಾದ್ದೂ ಅಲ್ಲ, ಆಲೂಗೆಡ್ಡೆಯ ಕುಲದ್ದೂ ಅಲ್ಲ. ಆಲೂಗೆಡ್ಡೆ ನಮ್ಮ ಮಟ್ಟುಗುಳ್ಳದ ದಾಯಾದಿಯಾದರೆ, ಸಾಂಬ್ರಾಣಿ ತುಳಸಿಯ ಮತ್ತು ದೊಡ್ಡಪತ್ರೆಯ ಬಳಗಕ್ಕೆ ಸೇರಿದುದು. ಅದರ ತವರು ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ‘ನಮ್ಮದು’ ಎಂದು ನಾವು ಎದೆತಟ್ಟಿ ಹೇಳುವ ವಸ್ತುಗಳಲ್ಲಿ ಎಷ್ಟೋ ಹಿಂದೊಮ್ಮೆ ಅತಿಥಿಗಳಾಗಿ ಬಂದವು. ನಮ್ಮ ಅಜ್ಜಿಯರು ಅವುಗಳಿಗೆ ಜಾಗ ಕೊಟ್ಟುದರಿಂದ ಅವು ನಮ್ಮವಾದವು.

ನನ್ನ ತಾಯಿ ಮನೆಯ ಹಿಂದೆ ಪ್ರತಿವರುಷವೂ ಸಾಂಬ್ರಾಣಿಯ ನಾಲ್ಕು ಸಾಲು ಬೆಳೆಸುತ್ತಿದ್ದರು. ಬೇಸಗೆಯ ಕೊನೆಗೆ ಗೆಡ್ಡೆಯನ್ನು ಮೊಳೆಯಲು ಹಾಕುವುದು. ಅದರಿಂದ ಬಂದ ಕುಡಿಗಳನ್ನು ಆಟಿಯ ಹೊತ್ತಿಗೆ ಏರಿಯ ಮೇಲೆ ನಡುವುದು. ಮುಂದೆ ಬುಡಕ್ಕೆ ಸೊಪ್ಪು, ಸುಡುಮಣ್ಣು. ಡಿಸೆಂಬರ ಜನವರಿಯಲ್ಲಿ ಕೀಳುವುದು. ಸಣ್ಣ ಗೆಡ್ಡೆಗಳ ಸಿಪ್ಪೆ ತೆಗೆಯುವುದು ಕಷ್ಟವಾದುದರಿಂದ ಅವನ್ನು ಗೋಣಿಯಲ್ಲಿ ಹಾಕಿ ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕುತ್ತಿದ್ದರು. ಆ ಸದ್ದು ಕೇಳಿದರೆ ಅಂದು ಸಾಂಬ್ರಾಣಿಯ ಹುಳಿಯೆಂದು ನಮಗೆ ತಿಳಿಯುತ್ತಿತ್ತು. ಬಿತ್ತನೆಗೆಂದು ತೆಗೆದಿಟ್ಟ ಒಂದು ಬುಟ್ಟಿ ಮಾತ್ರ ಎಂಥ ನೆಂಟರು ಬಂದರೂ ಅಡಿಗೆಮನೆಗೆ ಹೋಗುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆಯೂ ಆ ಬುಟ್ಟಿ ನಿಂತಿರಲಿಲ್ಲ. ನನ್ನ ಹೆಂಡತಿ ಅದನ್ನು ವರುಷದಿಂದ ವರುಷಕ್ಕೆ ದಾಟಿಸುತ್ತ ಬಂದಿದ್ದಳು.

ನೆಲಕ್ಕೆ ಸೊಪ್ಪು ಹೊದಿಸುವುದು ನಮ್ಮ ಸೀಮೆಗೆ ಹೊಸತೇನಲ್ಲ. ನಮ್ಮಲ್ಲಿ ವರುಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಮುರಕಲ್ಲಿನ ಮೇಲೆ ಕುಳಿತ ತೆಳ್ಳನೆಯ ಮಣ್ಣಿನ ಮೇಲೆ ಇಷ್ಟು ನೀರು ಬಿದ್ದರೆ ಅದರಲ್ಲಿ ಸಾರವೆಂಬುದು ನಿಲ್ಲುವುದೆಂತು? ಆದುದರಿಂದಲೇ ನಮ್ಮ ಹಿರಿಯರು ಗುಡ್ಡದ ಸೊಪ್ಪನ್ನು ಬಯಲಿಗೆ ಇಳಿಸುತ್ತಿದ್ದರು. ದಕ್ಷಿಣ ಕನ್ನಡದ ಭೂಮಿಯ ಕಾನೂನಿನಲ್ಲಿಯೂ ಇದಕ್ಕೊಂದು ಸ್ಥಾನವಿದ್ದಿತು. ಹಳೆಯ ಕದೀಂ ವರ್ಗಜಾಗದ ಎಲ್ಲೆಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ಸೌದೆಗಳನ್ನು ತೆಗೆದುಕೊಳ್ಳುವ ‘ಕುಮ್ಕಿ’ ಎಂಬ ಸೌಲಭ್ಯವು ವರ್ಗದಾರನಿಗೆ ಇತ್ತು. ಗದ್ದೆಯೊಂದೇ ತನ್ನಷ್ಟಕ್ಕೆ ಬದುಕಲಾರದು, ಅದರ ಬೆನ್ನಿಗೆ ಒಂದು ಹಾಡಿ ಬೇಕು ಎಂಬ ತಿಳಿವಳಿಕೆ ಆ ಏರ್ಪಾಡಿನೊಳಗೆ ಅಡಗಿದೆ. ಇಂದು ಎಷ್ಟೋ ಹಾಡಿಗಳು ಮನೆಯ ನಿವೇಶನಗಳಾಗಿವೆ. ಉಳಿದ ಕಡೆಗಳಲ್ಲಿ ಬೇಗನೆ ಕೊಳೆಯದ ಎಲೆಯ ಅಕೇಶಿಯ ನಿಂತಿದೆ. ಉದುರಿದ ಎಲೆ ‘ಕಸ’ವಾಗಿದೆ, ಅದನ್ನು ಗುಡಿಸಿ ಬೆಂಕಿಯಿಟ್ಟು, ಬೋಳಾದ ಅಂಗಳವನ್ನು ‘ಚೊಕ್ಕಟ’ವೆಂದು ಮೆಚ್ಚುವ ಹೊಸ ರುಚಿ ಬಂದಿದೆ.

ಬಟಾಟೆಯ ಯಶಸ್ಸಿನಿಂದ ಉಬ್ಬಿದ ನಾನು ಆ ಮಳೆಗಾಲ ಸಾಂಬ್ರಾಣಿಯ ಕುಡಿಗಳನ್ನು ನಟ್ಟ ದಿನವೇ, ಅವುಗಳ ಕತ್ತಿನವರೆಗೆ ಹುಲ್ಲನ್ನೂ ತರಗೆಲೆಯನ್ನೂ ಹೊದಿಸಿದೆ. ಹಾಗೆ ಮಾಡಬಾರದೆಂದು ಹೆಂಡತಿ ಹೇಳಿದಳು. ಕಾರಣವನ್ನು ಕೇಳಿದೆ. “ಅತ್ತೆಯವರು ಹಾಗೆ ಮಾಡುತ್ತಿರಲಿಲ್ಲ” ಎಂದಳು. ಕಾರಣವೆಂದರೆ ಇಂಥದಲ್ಲ ಎಂದು ಅವಳಿಗೆ ಉಪದೇಶ ಮಾಡಿದೆ. ಹತ್ತು ದಿನಗಳ ತರುವಾಯ ನೋಡಿದರೆ, ನಾಲ್ಕು ಸಾಲುಗಳಲ್ಲಿ ಮೂರು ಇರಲಿಲ್ಲ. ಎಲೆಗಳ ಜಾಗದಲ್ಲಿ ಒಣಗಿದ ಲೋಳೆಯ ಬೆಳ್ಳಿಗೆರೆಗಳಿದ್ದವು.

ರಾತ್ರಿ ಟಾರ್ಚು ಹಿಡಿದು ಹೋದಾಗ ಅಪರಾಧಿಗಳು ಕಣ್ಣಿಗೆ ಬಿದ್ದರು. ಚಿಪ್ಪಿಲ್ಲದ ಬಸವನಹುಳುಗಳು, ಬೆರಳಷ್ಟು ಉದ್ದ, ಸಿಂಬಳದಂತಹ ಮೈ. ಅವುಗಳ ನಡುವೆ ಮುಷ್ಟಿಯ ಗಾತ್ರದ ಶಂಖದ ಹುಳುಗಳು. ಈ ಎರಡನೆಯದು ಕೂಡ ಆಫ್ರಿಕದಿಂದ ಹೊರಟುದೇ. 1847ರಲ್ಲಿ ಬೆನ್ಸನ್ ಎಂಬ ಇಂಗ್ಲಿಷ್ ಶಂಖಶಾಸ್ತ್ರಜ್ಞನು ಮಾರಿಷಸ್ ದ್ವೀಪದಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟನಂತೆ. ಅಲ್ಲಿಂದ ಅದರ ಸಂತಾನ ದೇಶವನ್ನೆಲ್ಲ ವ್ಯಾಪಿಸಿತು. ಒಂದೇ ಬಾರಿಗೆ ನೂರಾರು ಮೊಟ್ಟೆಯಿಡುತ್ತದೆ. ಬೇಸಗೆ ಬಂದರೆ ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಒಂದೇ ಖಂಡದಿಂದ ಹೊರಟ ಇಬ್ಬರು ಅತಿಥಿಗಳಲ್ಲಿ ಒಬ್ಬನು ಇನ್ನೊಬ್ಬನನ್ನು ನನ್ನ ಹಿತ್ತಿಲಿನಲ್ಲಿ ತಿನ್ನುತ್ತಿದ್ದನು. ತೇವ, ನೆರಳು, ಮೆತ್ತನೆಯ ಹಾಸಿಗೆ, ಬಾಗಿಲಿನಲ್ಲಿಯೇ ಊಟ – ಇವೆಲ್ಲವನ್ನೂ ಅವರಿಗೆ ಸಿದ್ಧಪಡಿಸಿಕೊಟ್ಟವನು ನಾನು. ಬೇಸಗೆಯ ಒಣಹವೆಯಲ್ಲಿ ಬಟಾಟೆಯನ್ನು ಕಾಪಾಡಿದ ಹೊದಿಕೆಯೇ ಆಟಿಯ ಮಳೆಯಲ್ಲಿ ಹುಳುವಿಗೆ ಛತ್ರವಾಯಿತು.

ನನಗೆ ಹೊದಿಕೆಯ ಮೇಲೆಯೇ ಸಿಟ್ಟು ಬಂದಿತು. ಉಳಿದ ಒಂದು ಸಾಲಿನ ಹುಲ್ಲನ್ನೆಲ್ಲ ಬಾಚಿ ತೆಗೆದು ನೆಲವನ್ನು ಬೋಳುಮಾಡಿದೆ. ಮುಂದಿನ ಮೂರು ದಿನಗಳ ಮಳೆಗೆ ಏರಿಯ ಅರ್ಧ ಮಣ್ಣು ಕೆಂಪು ನೀರಾಗಿ ತೋಡಿಗೆ ಹೋಯಿತು. ಬೇರುಗಳು ಹೊರಗೆ ಕಂಡವು. ಮಳೆ ಬಿಡುವು ಕೊಟ್ಟಾಗ ಬೆತ್ತಲೆ ನೆಲದಿಂದ ಹುಲ್ಲು, ಮುಟ್ಟಿದರೆ ಮುನಿ, ಹೆಸರು ತಿಳಿಯದ ಹತ್ತಾರು ಬಗೆಯ ಕಳೆಗಳು ಎದ್ದವು. ಹುಳುಗಳು ಹೋದವೇ? ಇಲ್ಲ. ಹಗಲು ಕಲ್ಲುಕಟ್ಟೆಯ ಸಂದಿಯಲ್ಲಿ ಅಡಗಿದ್ದು ರಾತ್ರಿ ಮೊದಲಿನಂತೆಯೇ ಬಂದವು. ಮೊದಲಾದರೋ ಅವಕ್ಕೆ ತಿನ್ನಲು ಕೊಳೆತ ಎಲೆಯೂ ಇತ್ತು. ಈಗ ನನ್ನ ಗಿಡವೊಂದೇ ಉಳಿಯಿತು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಪೇಟೆಯಿಂದ ಹುಳುವಿನ ವಿಷದ ಹರಳುಗಳನ್ನು ತಂದು ಏರಿಯ ಸುತ್ತ ಚೆಲ್ಲಿದೆ. ಮರುದಿನ ಬೆಳಗ್ಗೆ ಹುಳುಗಳು ರಾಶಿರಾಶಿಯಾಗಿ ಸತ್ತು ಬಿದ್ದುದನ್ನು ಕಂಡು ಹಿಗ್ಗಿದೆ. ಅದರ ಮಾರನೆಯ ದಿನ ಪಕ್ಕದ ಮನೆಯವರ ನಾಯಿ ನಡುಗಿ, ನೊರೆ ಕಾರಿ, ಸಂಜೆಯೊಳಗೆ ಸತ್ತಿತು. ಹಾವು ಕಚ್ಚಿರಬೇಕೆಂದು ಅವರು ಹೇಳಿಕೊಂಡರು, ನಾನು ಇಲ್ಲವೆನ್ನಲಿಲ್ಲ. ಆ ಹರಳು ನಾಯಿಗಳನ್ನು ಆಕರ್ಷಿಸಿ ಕೊಲ್ಲಬಲ್ಲುದೆಂದು ನಾನು ಓದಿ ತಿಳಿದುದು ಅನಂತರ. ಮೆಟಾಲ್ಡಿಹೈಡ್ ಎಂಬ ಆ ಪದಾರ್ಥವನ್ನು ಬಯಲಿನಲ್ಲಿ ಬಳಸುವುದನ್ನು ಬ್ರಿಟನ್ 2022ರ ಮಾರ್ಚಿ ಮುಗಿಯುವುದರೊಂದಿಗೆ ನಿಷೇಧಿಸಿದೆ. ಪ್ರಾಣಿಪಕ್ಷಿಗಳಿಗಾಗುವ ಅಪಾಯವೇ ಅದಕ್ಕೆ ಕಾರಣ. ಪಕ್ಕದ ಮನೆಗೆ ಹೋಗಿ ನಿಜವನ್ನು ಹೇಳಲು ನನಗೆ ಎರಡು ವರುಷ ಹಿಡಿಯಿತು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆಗಲೇ ಹೇಳಬಹುದಿತ್ತು, ಮಾಸ್ಟ್ರೇ” ಎಂದಷ್ಟೇ ಹೇಳಿದರು. ಮಕ್ಕಳಿಗೆ ಮೂವತ್ತು ವರುಷ ಸತ್ಯದ ಪಾಠ ಹೇಳಿದವನಿಗೆ ಆ ಮಾತು ಸಾಕಾಯಿತು.

ಎರಡನೆಯ ತಪ್ಪು ಮೊದಲನೆಯದರ ಬೆನ್ನಿಗೇ ಬಂದಿತು. ಬೋಳು ನೆಲದ ಕಳೆಯನ್ನು ಕಿತ್ತು ಕಿತ್ತು ಬೆನ್ನು ಸೋತುದರಿಂದ, ಅಕ್ಟೋಬರದಲ್ಲಿ ಒಬ್ಬಾತನಿಗೆ ಸಂಬಳ ಕೊಟ್ಟು ಕಳೆನಾಶಕವನ್ನು ಹೊಡೆಸಿದೆ. ದಾರಿಗೆ ಮಾತ್ರವೆಂದು ಹೇಳಿದ್ದೆ. ಗಾಳಿಯು ನನ್ನ ಮಾತನ್ನು ಕೇಳುವುದೇ? ಸಾಂಬ್ರಾಣಿಯ ಬಳ್ಳಿ ವಾರದೊಳಗೆ ಹಳದಿಯಾಯಿತು. ಗೆಡ್ಡೆಗಳು ಸಿಕ್ಕವು, ನೋಡಲು ಸರಿಯಾಗಿಯೇ ಇದ್ದವು. ಬಿತ್ತನೆಯ ಬುಟ್ಟಿಯೂ ತುಂಬಿತು. ಆದರೆ ಮೇ ತಿಂಗಳಲ್ಲಿ ಮಣ್ಣಿಗಿಟ್ಟಾಗ ಒಂದು ಗೆಡ್ಡೆಯೂ ಮೊಳೆಯಲಿಲ್ಲ. ಎಲೆಯ ಮೇಲೆ ಬಿದ್ದ ವಿಷವು ಗಿಡದೊಳಗೆ ಹರಿದು ಗೆಡ್ಡೆಯನ್ನು ಸೇರಿ, ಅಲ್ಲಿಯೇ ಕಣ್ಣುಗಳನ್ನು ಕೊಲ್ಲಬಲ್ಲುದು. ನನ್ನ ತಾಯಿಯ ಕೈಯಿಂದ ಹೆಂಡತಿಯ ಕೈಗೆ ಬಂದಿದ್ದ ಬುಟ್ಟಿ ನನ್ನ ಕೈಯಲ್ಲಿ ಖಾಲಿಯಾಯಿತು. ಅವಳು ಏನನ್ನೂ ಅನ್ನಲಿಲ್ಲ. ಬುಟ್ಟಿಯನ್ನು ತೊಳೆದು ಬಿಸಿಲಿಗಿಟ್ಟಳು.

ಒಬ್ಬ ಮುದುಕನ ಹಿತ್ತಿಲಿನ ನಾಲ್ಕು ಸಾಲು ಹಾಳಾದುದನ್ನು ಲೋಕದ ವಿಷಯವಾಗಿ ಮಾಡುವುದೇಕೆಂದು ಓದುಗರು ಕೇಳಬಹುದು. ನಮ್ಮ ಸೀಮೆ ವಿಷದ ಪಾಠವನ್ನು ಇದಕ್ಕಿಂತ ಎಷ್ಟೋ ದೊಡ್ಡ ಬೆಲೆ ತೆತ್ತು ಕಲಿತಿದೆ ಎಂಬುದೇ ಅದಕ್ಕೆ ಉತ್ತರ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಪಡ್ರೆಯಂತಹ ಕನ್ನಡದ ಹಳ್ಳಿಗಳಲ್ಲಿ ಏನನ್ನು ಉಳಿಸಿಹೋಯಿತೆಂಬುದನ್ನು ನಾವು ಬಲ್ಲೆವು. ದಕ್ಷಿಣ ಕನ್ನಡದ ಕೊಕ್ಕಡದಲ್ಲಿಯೂ ಹಾಸಿಗೆ ಹಿಡಿದ ಮಕ್ಕಳನ್ನು ಕಂಡಿದ್ದೇವೆ. ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಹಿಡಿದುದು 2011ರ ಮೇ ತಿಂಗಳಲ್ಲಿ. ಅದನ್ನು ಸುರಿದವರೂ ಒಂದು ಸಣ್ಣ ಕೀಟದ ಕಾಟವನ್ನು ಕಳೆಯಬೇಕೆಂದೇ ಹೊರಟಿದ್ದರು. ನಾನು ಚೆಲ್ಲಿದ ಹರಳಿಗೂ ಆ ಹೆಲಿಕಾಪ್ಟರಿಗೂ ಗಾತ್ರದ ಅಂತರ ಬಹಳವಿದೆ. ಬುದ್ಧಿಯ ಅಂತರ ಅಷ್ಟಿಲ್ಲ. ಕಳೆನಾಶಕವಾದ ಗ್ಲೈಫೋಸೇಟನ್ನು ಕೀಟನಿಯಂತ್ರಣದ ಪರವಾನಗಿಯುಳ್ಳವರಲ್ಲದೆ ಬೇರೆಯವರು ಬಳಸಬಾರದೆಂದು ಕೇಂದ್ರ ಸರಕಾರವು 2022ರ ಅಕ್ಟೋಬರದಲ್ಲಿ ಅಧಿಸೂಚನೆ ಹೊರಡಿಸಿತು. ಅಧಿಸೂಚನೆ ಗೆಜೆಟ್ಟಿನಲ್ಲಿರುತ್ತದೆ, ಡಬ್ಬಿಯಾದರೋ ಮನೆಯ ಮೂಲೆಯಲ್ಲಿರುತ್ತದೆ.

ಎದುರುವಾದವನ್ನೂ ಕೇಳಬೇಕು. ನನ್ನ ಪರಿಚಯದ ವಿಧವೆಯೊಬ್ಬರಿದ್ದಾರೆ. ಮಕ್ಕಳು ಮುಂಬಯಿಯಲ್ಲಿ, ಮೊಣಕಾಲಿನಲ್ಲಿ ಬಲವಿಲ್ಲ, ಕಳೆ ಕೀಳಲು ಆಳು ಸಿಕ್ಕುವುದಿಲ್ಲ, ಸಿಕ್ಕಿದರೆ ಕೊಡಲು ದುಡ್ಡಿಲ್ಲ. “ಅಂಗಳದಲ್ಲಿ ಹುಲ್ಲೆದ್ದರೆ ಹಾವು ಬರುತ್ತದೆ, ನಾನು ಒಬ್ಬಳೇ ಇರುವವಳು. ನೀವು ನನಗೆ ಬುದ್ಧಿ ಹೇಳುವ ಬದಲು ಒಂದು ದಿನ ಬಂದು ಹುಲ್ಲು ಕೀಳಿ” ಎಂದು ಅವರು ನನಗೆ ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿದೆ. ವಿಷವು ನಮ್ಮ ಹಿತ್ತಿಲುಗಳಿಗೆ ದುಷ್ಟತನದಿಂದ ಬಂದುದಲ್ಲ. ಕೈಗಳು ಊರು ಬಿಟ್ಟು ಹೋದುದರಿಂದ ಬಂದುದು. ಬಾಗಿಲಿನ ಮುಂದಿನ ನಾಲ್ಕು ಮಾರು ನೆಲ ಬೋಳಾಗಿರಲಿ, ಬೇಡವೆನ್ನುವುದಿಲ್ಲ. ಆದರೆ ಕೈಗಳು ಕಡಿಮೆಯಾದ ಕಾಲದಲ್ಲಿಯೇ ಹೊದಿಕೆ ಹೆಚ್ಚು ಬೇಕಾದುದು. ಹೊದಿಸಿದ ನೆಲದಲ್ಲಿ ಕಳೆಯ ಬೀಜಕ್ಕೆ ಬೆಳಕು ಸಿಕ್ಕುವುದಿಲ್ಲ. ನೂರು ಸಲ ಬಗ್ಗುವಲ್ಲಿ ಹತ್ತು ಸಲ ಬಗ್ಗಿದರೆ ಸಾಕಾಗುತ್ತದೆ. ಆ ಹತ್ತು ಸಲವನ್ನೂ ತಪ್ಪಿಸುವೆನೆಂದು ಹೊರಟುದೇ ನನ್ನ ತಪ್ಪು.

ಖಾಲಿ ಬುಟ್ಟಿ ಹಿಡಿದು ಬಳ್ಳಿ ಕೇಳಲು ಹೋದುದು ಶಂಕರಪುರದ ಕಡೆಯ ಒಬ್ಬ ಹಿರಿಯ ಬಾಯಮ್ಮನಲ್ಲಿಗೆ. ಮಲ್ಲಿಗೆಯ ನೂರು ಬುಡಗಳ ನಡುವೆ ಅವರಿಗೆ ಸಾಂಬ್ರಾಣಿಯ ಎರಡು ಸಾಲು. ಬೆಳಗಿನ ಮಲ್ಲಿಗೆಯ ಮೊಗ್ಗು ಕೊಯ್ದು, ಚೆಂಡು ಕಟ್ಟಿ ಮುಗಿಸಿದ್ದರು. ನನ್ನ ಕಥೆಯನ್ನೆಲ್ಲ ಕೇಳಿ ನಕ್ಕರು. “ನಟ್ಟ ಕೂಡಲೇ ಹೊದಿಸುವುದುಂಟೇ, ಮಾಸ್ಟ್ರೇ? ಮಗುವಿಗೆ ಮೊದಲು ಕಾಲು ಬರಲಿ, ಆಮೇಲೆ ಕಂಬಳಿ.” ನನ್ನ ತಾಯಿಯ ಕ್ರಮದ ಹಿಂದಿದ್ದ ಕಾರಣ ಹೀಗೆ ಒಂದು ವಾಕ್ಯದಲ್ಲಿ ನನಗೆ ದೊರೆಯಿತು. ಬಳ್ಳಿಯ ಬೆಲೆಯನ್ನು ಕೇಳಿದೆ. “ಬಳ್ಳಿಗೆ ದುಡ್ಡು ತೆಗೆದುಕೊಳ್ಳುವ ಕ್ರಮ ಇಲ್ಲ. ನಿಮ್ಮಲ್ಲಿ ಬಂದರೆ ಇನ್ನೊಬ್ಬರಿಗೆ ಕೊಡಿ” ಎಂದರು.

ಅವರು ಹೇಳಿದುದನ್ನೂ ನಾನು ನೋಡಿ ಕಲಿತುದನ್ನೂ ಸೇರಿಸಿ ಈಗ ಅನುಸರಿಸುವ ಕ್ರಮ ಹೀಗಿದೆ. ಕುಡಿ ನಟ್ಟ ಮೂರು ನಾಲ್ಕು ವಾರ ಬುಡದ ಸುತ್ತ ಒಂದು ಗೇಣು ನೆಲವನ್ನು ತೆರೆದಿಡುತ್ತೇನೆ; ಸಾಲುಗಳ ನಡುವೆ ಮಾತ್ರ ಸೊಪ್ಪು. ಕಾಂಡ ಗಟ್ಟಿಯಾಗಿ ಬಳ್ಳಿ ಹಬ್ಬಲಾರಂಭಿಸಿದ ಮೇಲೆ ಹೊದಿಕೆಯನ್ನು ಮೆಲ್ಲಮೆಲ್ಲನೆ ಬುಡದತ್ತ ಸರಿಸುತ್ತೇನೆ. ಬೂದಿ ಹಾಕಿದರೆ ಹುಳು ದಾಟುವುದಿಲ್ಲವೆಂಬುದು ನಿಜ. ಆದರೆ ಒಂದು ಮಳೆಗೆ ಬೂದಿಯ ಪೌರುಷ ಮುಗಿಯುತ್ತದೆ. ಉಪ್ಪು ಹುಳುವನ್ನೂ ಕೊಲ್ಲುತ್ತದೆ, ಮಣ್ಣನ್ನೂ ಕೆಡಿಸುತ್ತದೆ. ಅದನ್ನು ನೆಲಕ್ಕೆ ಹಾಕಲೇಬಾರದು. ಸಂಜೆ ಒದ್ದೆ ಗೋಣಿಯನ್ನು ಮಡಚಿ, ಅದರೊಳಗೆ ಪಪ್ಪಾಯಿಯ ಎಲೆಗಳನ್ನಿಟ್ಟು ಏರಿಯ ಬದಿಯಲ್ಲಿ ಹಾಕಿದರೆ, ಬೆಳಗಾಗುವಾಗ ಹುಳುಗಳು ಅದರೊಳಗೆ ಸೇರಿರುತ್ತವೆ. ಅವುಗಳನ್ನು ಬರಿಗೈಯಲ್ಲಿ ಮುಟ್ಟದೆ ಕೋಲಿನಿಂದ ಎತ್ತಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಮನುಷ್ಯನ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿಯೊಂದು ಅವುಗಳಲ್ಲಿ ಇರುವುದುಂಟು. ವಿಲಾಯತಿಯ ತೋಟಗಾರರು ಬಟ್ಟಲಿನಲ್ಲಿ ಬಿಯರು ಸುರಿದು ಹುಳುವನ್ನು ಮುಳುಗಿಸುತ್ತಾರಂತೆ. ಹುಳಿಬಂದ ಕಳ್ಳಿನಿಂದ ನಾನೂ ಪರೀಕ್ಷಿಸಿದೆ. ಹುಳುಗಳು ಬಿದ್ದವು, ಆದರೆ ನಿವೃತ್ತ ಮಾಸ್ತರರು ದಿನವೂ ಕಳ್ಳು ಕೊಂಡುಹೋಗುತ್ತಾರೆಂಬ ಸುದ್ದಿ ಊರಲ್ಲಿ ಹಬ್ಬಿದುದರಿಂದ ಗೋಣಿಗೇ ಮರಳಿದೆ.

ನಾನೊಬ್ಬನೇ ಈ ಕಾವಲಿನಲ್ಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಕೆಂಬೂತವು ಶಂಖದ ಹುಳುವನ್ನು ಹುಡುಕಿ ತಿನ್ನುತ್ತದೆ. ಕಪ್ಪೆಗಳು ಚಿಪ್ಪಿಲ್ಲದವನ್ನು ಬಿಡುವುದಿಲ್ಲ. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದುದು ಮಿಂಚುಹುಳು. ಮಳೆಗೆ ಮುನ್ನ ನಮ್ಮ ಹಾಡಿಗಳ ಅಂಚಿನಲ್ಲಿ ಮಿನುಗುವ ಆ ಪುಟ್ಟ ಜೀವವು ತನ್ನ ಮರಿಯ ಅವಸ್ಥೆಯಲ್ಲಿ ತರಗೆಲೆಯ ಕೆಳಗೆ, ತೇವದ ಮಣ್ಣಿನಲ್ಲಿ ವಾಸಿಸುತ್ತದೆ. ಅದರ ಎಷ್ಟೋ ಜಾತಿಗಳ ಮರಿಗಳಿಗೆ ಬಸವನಹುಳುವೇ ಆಹಾರ. ತನಗಿಂತ ದೊಡ್ಡ ಹುಳುವನ್ನೂ ಕಚ್ಚಿ, ಮರಗಟ್ಟಿಸಿ ತಿನ್ನುತ್ತದೆ. ಹೊದಿಕೆಯು ಕಳ್ಳನಿಗೆ ಮನೆಕೊಟ್ಟಿತೆಂದು ನಾನು ಅದನ್ನು ಕಿತ್ತಿದ್ದೆ. ಕಳ್ಳನನ್ನು ಹಿಡಿಯುವವನ ಮನೆಯೂ ಅದೇ ಆಗಿತ್ತು. ಕಳ್ಳನು ಕಲ್ಲುಕಟ್ಟೆಗೆ ಓಡಿ ಬದುಕಿಕೊಂಡ. ಇವನಿಗೆ ಬೇರೆ ಮನೆಯಿರಲಿಲ್ಲ. ಎಲೆಯನ್ನು ಸುಟ್ಟು, ನೆಲಕ್ಕೆ ವಿಷ ಹೊಡೆದು, ರಾತ್ರಿಯೆಲ್ಲ ದೀಪ ಉರಿಸಿ, ‘ಈಗ ಮಿಂಚುಹುಳುಗಳೇ ಕಾಣುವುದಿಲ್ಲ’ ಎಂದು ನಿಟ್ಟುಸಿರುಬಿಡುವವರಲ್ಲಿ ನಾನೂ ಒಬ್ಬನಾಗಿದ್ದೆ.

ಹೊದಿಕೆಯನ್ನು ಸರ್ವರೋಗಕ್ಕೆ ಮದ್ದೆಂದು ನಾನು ಹೊಗಳಲಾರೆ. ಕೊನ್ನಾರಿಗೆಡ್ಡೆಯ ಈಟಿಯಂತಹ ಮೊಳಕೆ ಎಷ್ಟು ದಪ್ಪ ಹುಲ್ಲನ್ನೂ ತೂರಿಕೊಂಡು ಬರುತ್ತದೆ. ಅದನ್ನು 1 ಅಡಿ ಅಗೆದು ಗೆಡ್ಡೆಸಹಿತ ತೆಗೆಯದೆ ಗತಿಯಿಲ್ಲ. ಸೊಪ್ಪಿನೊಡನೆ ಬೀಜವೂ ಬಂದರೆ ನಾವೇ ಕಳೆಯನ್ನು ಬಿತ್ತಿದಂತಾಗುತ್ತದೆ. ಹೂಬಿಟ್ಟ ಕಮ್ಯುನಿಸ್ಟ್ ಗಿಡವನ್ನು ಹೊದಿಸಿ ನಾನು ಒಮ್ಮೆ ಈ ಪಾಠವನ್ನೂ ಕಲಿತೆ. ಇನ್ನು ಕಳೆಯೆಂದರೆ ಯಾವುದು? ಆಟಿಯಲ್ಲಿ ತಾನಾಗಿ ಏಳುವ ತಜಂಕಿನ ಎಳೆಚಿಗುರು ನಮ್ಮ ಮನೆಗಳಲ್ಲಿ ಪಲ್ಯವಾಗುತ್ತದೆ. ಬದುವಿನ ಕೆಸುವಿನೆಲೆ ಪತ್ರೊಡೆಯಾಗುತ್ತದೆ. ಕಾಲಡಿಯ ತಿಮರೆ ಚಟ್ನಿಯಾಗುತ್ತದೆ. ಕಳೆನಾಶಕದ ಡಬ್ಬಿಗೆ ಈ ವ್ಯತ್ಯಾಸಗಳು ತಿಳಿಯುವುದಿಲ್ಲ. ಬಗ್ಗಿ ನೋಡುವ ಕಣ್ಣಿಗೆ ಮಾತ್ರ ತಿಳಿಯುತ್ತವೆ. ಬಗ್ಗುವುದನ್ನು ಬಿಟ್ಟವನು ಶ್ರಮವೊಂದನ್ನೇ ಉಳಿಸಿಕೊಳ್ಳುವುದಲ್ಲ, ತಿಳಿವಳಿಕೆಯನ್ನೂ ಕಳೆದುಕೊಳ್ಳುತ್ತಾನೆ.

ಉಪಾಧ್ಯಾಯ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಶಾಲೆಯ ಹಿಂದೆ ಎರಡು ಸಣ್ಣ ಏರಿಗಳನ್ನು ಮಾಡಿಸಿರಿ. ಒಂದನ್ನು ಬೋಳಾಗಿ ಬಿಡಿರಿ; ಇನ್ನೊಂದಕ್ಕೆ ಸೊಪ್ಪು ಹೊದಿಸಿರಿ. ಎರಡರ ಕೆಳತುದಿಗೂ ಒಂದೊಂದು ಬೋಗುಣಿಯನ್ನಿಟ್ಟು, ಜೂನಿನ ಒಂದು ಮಳೆಯ ತರುವಾಯ ಎರಡರ ನೀರನ್ನೂ ಮಕ್ಕಳಿಗೆ ತೋರಿಸಿರಿ. ಮಣ್ಣು ಎಲ್ಲಿಗೆ ಹೋಗುತ್ತದೆಂಬುದನ್ನು ತಿಳಿಸಲು ಬೇರೆ ಪಾಠ ಬೇಕಾಗದು. ಹೊದಿಸಿದ ಏರಿಯಲ್ಲಿ ಹುಳು ಕಂಡಾಗ ಮಕ್ಕಳು ಕೂಗಿಕೊಳ್ಳುತ್ತಾರೆ, ಕೂಗಲಿ. ಹುಳುವನ್ನು ಎಣಿಸಲಿ, ಹುಳುವನ್ನು ತಿನ್ನುವವರು ಯಾರೆಂದು ಹುಡುಕಲಿ. ಜಗತ್ತು ಚೊಕ್ಕಟವಾಗಿಲ್ಲ, ಆದರೂ ಅದು ನಡೆಯುತ್ತದೆ ಎಂಬ ಅರಿವು ಸಣ್ಣ ವಯಸ್ಸಿನಲ್ಲಿಯೇ ಬಂದರೆ, ದೊಡ್ಡವರಾದ ಮೇಲೆ ಅವರು ಸಣ್ಣ ಕಾಟಕ್ಕೆ ದೊಡ್ಡ ವಿಷವನ್ನು ಹುಡುಕಲಾರರು.

ಕಳೆದ ವರುಷ ನನ್ನ ಎರಡು ಸಾಲುಗಳಲ್ಲಿ ಹುಳುಗಳು ತಮ್ಮ ಪಾಲನ್ನು ತಿಂದವು. ಐದರಲ್ಲಿ ಒಂದು ಗಿಡ ಹೋಗಿರಬಹುದು. ಉಳಿದುದರಿಂದ ಅಡಿಗೆಮನೆಗೂ ಸಿಕ್ಕಿತು, ಬುಟ್ಟಿಯೂ ತುಂಬಿತು. ಪಕ್ಕದ ಮನೆಯವರು ಹೊಸ ನಾಯಿಮರಿಯೊಂದನ್ನು ತಂದಿದ್ದಾರೆ. ಅದು ಬೇಲಿ ನುಸುಳಿ ಬಂದು ನನ್ನ ಹೊದಿಕೆಯನ್ನು ಕೆದರುತ್ತದೆ. ನಾನು ಮತ್ತೆ ಸರಿಪಡಿಸುತ್ತೇನೆ. ಮೇ ತಿಂಗಳ ಕೊನೆಯ ರಾತ್ರಿಗಳಲ್ಲಿ ಹೆಂಡತಿಯೂ ನಾನೂ ಹಿಂದಿನ ಜಗಲಿಯಲ್ಲಿ ದೀಪವಾರಿಸಿ ಕುಳಿತಾಗ ಏರಿಯ ಬದಿಯಲ್ಲಿ ಏಳೆಂಟು ಮಿಂಚುಹುಳುಗಳು ಕಂಡವು. ಮೊದಲಿನಷ್ಟಿಲ್ಲ, ಇಲ್ಲವೆನ್ನುವಂತೆಯೂ ಇಲ್ಲ.

ಈ ಆಟಿಯಲ್ಲಿ ನನ್ನಲ್ಲಿ ಕುಡಿಗಳು ಮಿಕ್ಕುತ್ತವೆ. ಇನ್ನಂಜೆಯ ಕಡೆಗೆ ಬರುವವರು ಕೇಳಿ ತೆಗೆದುಕೊಂಡು ಹೋಗಬಹುದು. ಬಳ್ಳಿಗೆ ದುಡ್ಡು ತೆಗೆದುಕೊಳ್ಳುವ ಕ್ರಮ ಇಲ್ಲ.